ಎರಡೂ ಕಾಲಿನ ಗೋಲುಗಾರ ಫೋರ್ಲಾನ್

ದಕ್ಷಿಣ ಆಫ್ರಿಕಾದಲ್ಲಿ 2010ರಲ್ಲಿ ನಡೆದ ವಿಶ್ವಕಪ್‌ ಫುಟ್‌ಬಾಲ್‌ನಲ್ಲಿ ಶ್ರೇಷ್ಠ ಆಟಗಾರನಿಗೆ ಕೊಡುವ ‘ಗೋಲ್ಡನ್ ಬಾಲ್’ ಪ್ರಶಸ್ತಿ ಕಪ್ ಗೆದ್ದ ಸ್ಪೇನ್‌ಗೆ ಸಿಗಲಿಲ್ಲ, ಫೈನಲ್‌ನಲ್ಲಿ ಸೋತ ನೆದರ್ಲೆಂಡ್ಸ್‌ಗೂ ಸಿಗಲಿಲ್ಲ. ಅದು ಒಲಿದದ್ದು ನಾಲ್ಕನೇ ಸ್ಥಾನ ಪಡೆದ ಉರುಗ್ವೆಯ ಸ್ಟ್ರೈಕರ್ ಡಿಯೆಗೊ ಫೋರ್ಲಾನ್ ಅವರಿಗೆ. ಸುಮಾರು 35 ಲಕ್ಷ ಜನರಿರುವ ಈ ಪುಟ್ಟ ದೇಶ 1930 ಮತ್ತು 1950ರಲ್ಲಿ ವಿಶ್ವಕಪ್ ಗೆದ್ದಿತ್ತು. ಆಮೇಲಿನ ದೀರ್ಘ ಬರಗಾಲದ ಬಳಿಕ ಅದಕ್ಕೆ ಮತ್ತೆ ದೊಡ್ಡ ವೇದಿಕೆಯಲ್ಲಿ ತಲೆಯೆತ್ತುವ ಧೈರ್ಯ ಕೊಟ್ಟವರಲ್ಲಿ ಫೋರ್ಲಾನ್ ಮುಖ್ಯರು.

ಮಾಂಟೆವಿಡಿಯೊದಲ್ಲಿ 1979ರಲ್ಲಿ ಹುಟ್ಟಿದ ಡಿಯೆಗೊಗೆ ಫುಟ್‌ಬಾಲ್ ಮನೆತನದ ವಿದ್ಯೆ. ತಾಯಿಯ ತಂದೆ ಹುವಾನ್ ಕಾರ್ಲೋಸ್ ಕೊರಾಸ್ಸೊ 1962ರ ವಿಶ್ವಕಪ್‌ನಲ್ಲಿ ಉರುಗ್ವೆ ತಂಡದ ಕೋಚ್ ಆಗಿದ್ದರು. ತಂದೆ ಪಾಬ್ಲೊ 1966 ಮತ್ತು 1974ರ ವಿಶ್ವಕಪ್‌ ತಂಡಗಳಲ್ಲಿದ್ದ ಡಿಫೆಂಡರ್. ಹುಡುಗನಿಗಾದರೋ ಟೆನಿಸ್‌ನಲ್ಲೂ ಅಷ್ಟೇ ಕೈ ಪಳಗಿತ್ತು. ಅಕ್ಕ 1991ರಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ನಡೆಯಲಾಗದಂತಾದಾಗ ಅವನಿಗೆ ಹನ್ನೆರಡು ವರ್ಷ. ಅವಳ ಚಿಕಿತ್ಸೆಗೆ ದುಡಿಯಬೇಕು ಎಂಬ ಹಟ ಅವನನ್ನು ಫುಟ್‌ಬಾಲ್‌ಗೇ ಕಟ್ಟಿಹಾಕಿತು.

ತವರಿನ ಪೆನರೋಲ್, ಡಾನುಬಿಯೊ ಕ್ಲಬ್‌ಗಳ ಕಿರಿಯರ ತಂಡಗಳಲ್ಲಿ ಆಡಿ, ನೆರೆಯ ಅರ್ಜೆಂಟೀನಾದ ಇಂಡಿಪೆಂಡಿಯೆಂಟೆ ಸೇರಿದ ಫೋರ್ಲಾನ್ ಅವರನ್ನು 2002ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕೊಂಡಿತು. ಅಲ್ಲಿ ಮೊದಲ ಗೋಲಿಗೆ ಎಂಟು ತಿಂಗಳು ಕಾಯಬೇಕಾಯಿತು. ಬಂದದ್ದೂ ಪೆನಾಲ್ಟಿಯಿಂದ. ಅದೇ ವರ್ಷದ ಡಿಸೆಂಬರ್‌ನಲ್ಲಿ ಲಿವರ್‌ಪೂಲ್‌ನ ಆನ್‌ಫೀಲ್ಡ್ ಮೈದಾನದಲ್ಲಿ ಹೊಡೆದ ಎರಡು ಗೋಲುಗಳನ್ನು ಯುನೈಟೆಡ್ ಅಭಿಮಾನಿಗಳು ಇಂದಿಗೂ ಮರೆತಿಲ್ಲ. ಆದರೂ 98 ಪಂದ್ಯಗಳಲ್ಲಿ 17 ಗೋಲು ಎಂಬ ಲೆಕ್ಕ ಆ ಕ್ಲಬ್ಬಿಗೆ ಸಾಲಲಿಲ್ಲ.

ಸ್ಪೇನ್‌ನಲ್ಲಿ ಎಲ್ಲವೂ ಬದಲಾಯಿತು. ವಿಲ್ಲಾರಿಯಲ್ ಎಂಬುದು ಸುಮಾರು 50 ಸಾವಿರ ಜನರ, ಟೈಲ್ಸ್ ಉದ್ಯಮದ ಊರು. ಅಲ್ಲಿನ ಕ್ಲಬ್ ಸೇರಿದ ಅವರಿಗೆ ಹಿಂದಿನಿಂದ ಸಹ ಆಟಗಾರ ರಿಕೆಲ್ಮೆ ಹದವಾಗಿ ಚೆಂಡು ಒದಗಿಸುತ್ತಿದ್ದರು. 2004–05ರ ಲೀಗ್‌ನಲ್ಲಿ ಫೋರ್ಲಾನ್ 25 ಗೋಲು ಗಳಿಸಿ, ಯುರೋಪಿನ ಲೀಗ್‌ಗಳ ಅಗ್ರ ಗೋಲುಗಾರನಿಗೆ ಕೊಡುವ ‘ಗೋಲ್ಡನ್ ಶೂ’ ಅನ್ನು ಥಿಯರಿ ಆನ್ರಿ ಜೊತೆ ಹಂಚಿಕೊಂಡರು. ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಹೋದ ಮೇಲೆ 2008–09ರಲ್ಲಿ 32 ಗೋಲು ಹೊಡೆದು ಅದನ್ನು ಒಬ್ಬರೇ ಗೆದ್ದರು. ಮರುವರ್ಷ ಹ್ಯಾಂಬರ್ಗ್‌ನಲ್ಲಿ ಫುಲ್ಹಾಮ್ ವಿರುದ್ಧ ಯುರೋಪಾ ಲೀಗ್ ಫೈನಲ್. ಅಟ್ಲೆಟಿಕೊದ ಎರಡೂ ಗೋಲುಗಳು ಅವರವೇ. ಗೆಲುವಿನ ಗೋಲು ಬಂದದ್ದು ಹೆಚ್ಚುವರಿ ಅವಧಿಯ 116ನೇ ನಿಮಿಷದಲ್ಲಿ.

ಅದೇ ಹುರುಪಿನಲ್ಲಿ ವಿಶ್ವಕಪ್‌ಗೆ ಬಂದ ಅವರನ್ನು ಕೋಚ್ ಒಸ್ಕಾರ್ ತಬಾರೆಸ್, ಸ್ಟ್ರೈಕರ್‌ಗಳಾದ ಸುವಾರೆಸ್ ಮತ್ತು ಕವಾನಿ ಅವರಿಗಿಂತ ತುಸು ಹಿಂದೆ ನಿಲ್ಲಿಸಿದರು. ಆಟ ಕಟ್ಟುವ ಹೊಣೆಯೂ ಹೆಗಲೇರಿತು. ಆ ವಿಶ್ವಕಪ್‌ನ ‘ಜಬುಲಾನಿ’ ಚೆಂಡು ಗಾಳಿಯಲ್ಲಿ ಹೇಗೆಂದರೆ ಹಾಗೆ ತಿರುಗುತ್ತದೆ ಎಂದು ಹಲವರು ದೂರುತ್ತಿದ್ದಾಗ ಫೋರ್ಲಾನ್ ಅದನ್ನು ದೂರದಿಂದಲೇ ಬಲೆಗೆ ಸೇರಿಸಿದರು. ಘಾನಾ ವಿರುದ್ಧ ಬಲಗಾಲಿನ ಫ್ರೀಕಿಕ್, ನೆದರ್ಲೆಂಡ್ಸ್ ವಿರುದ್ಧ ಎಡಗಾಲಿನ ಹೊಡೆತ. ಒಟ್ಟು ಐದು ಗೋಲು. ಯಾವ ಕಾಲಿನಿಂದ ಹೊಡೆಯುತ್ತಾರೆ ಎಂದು ಊಹಿಸಲಾಗದೆ ಎದುರಾಳಿಗಳು ತಡವರಿಸಿದರು.

ಬಳಿಕ ಮತ್ತೆ ಗೋಲು ಒಣಗಿತು. 2011ರ ಕೋಪಾ ಅಮೆರಿಕದಲ್ಲಿ ಫೈನಲ್‌ವರೆಗೂ ಅವರ ಹೆಸರಿಗೆ ಒಂದೂ ಗೋಲಿರಲಿಲ್ಲ. ಬ್ಯೂನಸ್ ಐರಿಸ್‌ನ ಆ ಫೈನಲ್‌ನಲ್ಲಿ ಪರಾಗ್ವೆ ವಿರುದ್ಧ ಎರಡು ಗೋಲು ಹೊಡೆದರು. ಉರುಗ್ವೆ 3–0ಯಿಂದ ಗೆದ್ದು 15ನೇ ಬಾರಿ ಚಾಂಪಿಯನ್ ಆಯಿತು.

ಮುಂದೆ ಇಟಲಿ, ಬ್ರೆಜಿಲ್, ಜಪಾನ್ ಸುತ್ತಿ ತವರಿನ ಪೆನರೋಲ್‌ಗೆ ಮರಳಿದರು. 2016ರಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಮುಂಬೈ ಸಿಟಿ ಸೇರಿದಾಗ ವಯಸ್ಸು 37. ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಬಾರಿಸಿದರು. ಬೆಂಗಳೂರು ಎಫ್‌ಸಿಯಿಂದ ಎರವಲಾಗಿ ಹೋಗಿದ್ದ ಸುನಿಲ್ ಛೆಟ್ರಿ ಆ ಋತುವಿನಲ್ಲಿ ಅವರ ಸಹ ಆಟಗಾರ. ಹಾಂಗ್‌ಕಾಂಗ್‌ನಲ್ಲಿ ಕೊನೆಯ ಋತು ಆಡಿ 2019ರಲ್ಲಿ ವಿದಾಯ ಹೇಳಿದಾಗ ದೇಶದ ಪರ 112 ಪಂದ್ಯ, 36 ಗೋಲು ಅವರ ಖಾತೆಯಲ್ಲಿದ್ದವು.

ಗೋಲು ಬಾರದ ದಿನಗಳನ್ನು ದಾಟುವುದೂ ಸ್ಟ್ರೈಕರ್‌ನ ಕಸುಬಿನ ಭಾಗವೇ. ಮ್ಯಾಂಚೆಸ್ಟರ್‌ನ ಎಂಟು ತಿಂಗಳಲ್ಲೇ ಎದೆಗುಂದಿದ್ದರೆ ಎರಡು ಗೋಲ್ಡನ್ ಶೂಗಳೂ ಇಲ್ಲ, ಗೋಲ್ಡನ್ ಬಾಲ್ ಕೂಡ ಇಲ್ಲ. ಬಲಗಾಲನ್ನೊಂದೇ ನೆಚ್ಚಿಕೊಂಡು, ನಾಲ್ಕು ಪಂದ್ಯಗಳಲ್ಲಿ ಗೋಲು ತಪ್ಪಿದರೆ ಕುಗ್ಗುವ ನಮ್ಮ ಎಳೆಯ ಆಟಗಾರರು ಫೋರ್ಲಾನ್ ಅವರ ಹಳೆಯ ಪಂದ್ಯಗಳನ್ನು ಕೂತು ನೋಡಬೇಕು. ಕಲಿಯಲು ಅಲ್ಲಿ ಬೇಕಾದಷ್ಟಿದೆ.