ಮೀನಿನ ತೊಟ್ಟಿಯ ತಳಕ್ಕೆ ಎಂಥ ಮರಳು?

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: ‘ಎರಡು ಅಡಿಯ ಅಕ್ವೇರಿಯಂ ತಂದಿದ್ದೇವೆ. ಬಣ್ಣದ ಕಲ್ಲು ಬೇಡ, ಹೊಳೆಯ ತಳದ ಹಾಗೆ ಮರಳೇ ಇರಬೇಕು ಎಂದು ಮಗಳ ಹಟ. ಮರಳು ಹಾಕಿದರೆ ಅಡಿಯಲ್ಲಿ ವಿಷಾನಿಲ ಹುಟ್ಟಿ ಮೀನು ಸಾಯುತ್ತವೆ ಅಂತ ಅಂಗಡಿಯವರು ಹೆದರಿಸಿದರು. ಮನೆ ಕಟ್ಟಿಸಿದಾಗ ಉಳಿದ ಎಂ-ಸ್ಯಾಂಡ್ ಹಿತ್ತಲಲ್ಲಿ ಬಿದ್ದಿದೆ. ಅದನ್ನೇ ತೊಳೆದು ಹಾಕಬಹುದೇ?’

ಮರಳು ಹಾಕಬಹುದು, ಆ ಮರಳು ಬೇಡ. ಯಾಕೆ ಬೇಡ ಎಂಬುದು ಮಾತ್ರ ಉದ್ದದ ಕತೆ. ಅಕ್ವೇರಿಯಂ ಅಂಗಡಿಯ ಪ್ಯಾಕೆಟ್ಟುಗಳ ಮೇಲೆ ‘ನ್ಯಾಚುರಲ್’, ‘ಬಯೋ-ಆಕ್ಟಿವ್’ ಎಂದೆಲ್ಲ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ನಮಗೆ ಬೇಕಾದ ಮುಖ್ಯ ಸಂಗತಿ, ಅಂದರೆ ಒಳಗಿನ ಕಣ ಎಷ್ಟು ದಪ್ಪ ಎಂಬುದು, ಹುಡುಕಿದರೂ ಸಿಗದ ಪ್ಯಾಕೆಟ್ಟುಗಳೇ ಹೆಚ್ಚು.

ಭೂವಿಜ್ಞಾನಿಗಳು ಮರಳನ್ನು ಗುರುತಿಸುವುದು ಅಳತೆಯಿಂದ. ಯೋಹಾನ್ ಉಡೆನ್ ಎಂಬುವರು ಹಾಕಿಕೊಟ್ಟಿದ್ದ ಪಟ್ಟಿಯನ್ನು ಚೆಸ್ಟರ್ ವೆಂಟ್‌ವರ್ತ್ 1922ರಲ್ಲಿ ತಿದ್ದಿ ಬೆಳೆಸಿದರು. ಅದರ ಪ್ರಕಾರ ಒಂದು ಮಿಲಿಮೀಟರಿನ ಹದಿನಾರರಲ್ಲಿ ಒಂದು ಪಾಲಿನಿಂದ ಹಿಡಿದು 2 ಮಿ.ಮೀ. ತನಕ ಇರುವ ಕಣವೆಲ್ಲ ಮರಳು. ಅದಕ್ಕಿಂತ ಸಣ್ಣದು ಹೂಳು, ದೊಡ್ಡದು ಗರಸು. ಕಣ ಯಾವ ಕಲ್ಲಿನದು ಎಂಬ ಪ್ರಶ್ನೆ ಆಮೇಲಿನದು. ಈ ವ್ಯಾಪ್ತಿ ಸಣ್ಣದೇನಲ್ಲ. ಪಟ್ಟಿಯ ಒಂದು ತುದಿಯ ಕಣಕ್ಕಿಂತ ಇನ್ನೊಂದು ತುದಿಯ ಕಣ ಮೂವತ್ತೆರಡು ಪಟ್ಟು ದಪ್ಪ. ಎರಡಕ್ಕೂ ಮರಳು ಎಂದೇ ಹೆಸರು, ನೀರಿನಲ್ಲಿ ಅವುಗಳ ನಡವಳಿಕೆ ಮಾತ್ರ ಪೂರ್ತಿ ಬೇರೆ.

ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಬನ್ಸಿ ರವೆ, ಉಪ್ಪಿಟ್ಟಿನ ರವೆ, ಚಿರೋಟಿ ರವೆ, ಮೈದಾ ನಾಲ್ಕೂ ಗೋಧಿಯವೇ. ನಾಲ್ಕು ಲೋಟಗಳಲ್ಲಿ ಒಂದೊಂದನ್ನು ತುಂಬಿ ಮೇಲಿನಿಂದ ನೀರು ಬಿಡಿ. ದಪ್ಪ ರವೆಯಲ್ಲಿ ನೀರು ಸರ್ರನೆ ಇಳಿಯುತ್ತದೆ. ಚಿರೋಟಿ ರವೆಯಲ್ಲಿ ತಡೆದು ತಡೆದು ಇಳಿಯುತ್ತದೆ. ಮೈದಾದ ಮೇಲೆ ನೀರು ನಿಂತೇ ಬಿಡುತ್ತದೆ, ಕೆಳಗೆ ಹಿಟ್ಟು ಒಣಗಿದ್ದಂತೆಯೇ ಇರುತ್ತದೆ. ಈಗ ದಪ್ಪ ರವೆಗೆ ಒಂದೆರಡು ಹಿಡಿ ಮೈದಾ ಬೆರೆಸಿ ನೋಡಿ. ಲೋಟದಲ್ಲಿ ಬಹುಪಾಲು ರವೆಯೇ ಇದ್ದರೂ ನೀರು ಮೈದಾದ ಮಾತನ್ನೇ ಕೇಳುತ್ತದೆ. ದಪ್ಪ ಕಣಗಳ ನಡುವಿನ ಸಂದುಗಳಲ್ಲಿ ಹಿಟ್ಟು ಹೋಗಿ ಕೂತಿರುತ್ತದೆ, ನೀರಿಗೆ ದಾರಿಯೇ ಉಳಿದಿರುವುದಿಲ್ಲ. ಅಕ್ವೇರಿಯಂ ಮರಳಿನ ವಿಜ್ಞಾನದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಲೋಟಗಳಲ್ಲೇ ಇದೆ.

ಇದನ್ನು ಲೆಕ್ಕಕ್ಕೆ ತಂದವರು ನಗರಗಳಿಗೆ ಕುಡಿಯುವ ನೀರು ಕೊಡಲು ಹೊರಟವರು. ಫ್ರಾನ್ಸಿನ ದಿಜಾನ್ ಪಟ್ಟಣದ ಎಂಜಿನಿಯರ್ ಆನ್ರಿ ದಾರ್ಸಿ, ನೆಟ್ಟಗೆ ನಿಲ್ಲಿಸಿದ ಕೊಳವೆಗೆ ಮರಳು ತುಂಬಿ, ಎಷ್ಟು ಒತ್ತಡಕ್ಕೆ ಎಷ್ಟು ನೀರು ಇಳಿಯುತ್ತದೆ ಎಂದು ಅಳೆದರು. 1856ರಲ್ಲಿ ಅಚ್ಚಾದ ಅವರ ಪುಸ್ತಕ ಊರಿನ ಸಾರ್ವಜನಿಕ ಕಾರಂಜಿಗಳ ಬಗ್ಗೆ. ಅಂತರ್ಜಲ, ಪೆಟ್ರೋಲಿಯಂ ಎರಡಕ್ಕೂ ಇವತ್ತಿಗೂ ಬುನಾದಿಯಾಗಿರುವ ದಾರ್ಸಿ ನಿಯಮ ಆ ದಪ್ಪ ಪುಸ್ತಕದ ಹಿಂಬದಿಯ ಒಂದು ಟಿಪ್ಪಣಿಯಲ್ಲಿ ಅಡಗಿ ಕೂತಿದೆ. ಒಳ್ಳೆಯ ವಿಜ್ಞಾನ ಎಲ್ಲೆಲ್ಲೋ ಸಿಗುತ್ತದೆ.

ಅಷ್ಟರಲ್ಲಿ ಮರಳಿನಿಂದ ನೀರು ಸೋಸುವ ಪದ್ಧತಿ ಬಂದಾಗಿತ್ತು. ಜೇಮ್ಸ್ ಸಿಂಪ್ಸನ್ 1829ರಲ್ಲೇ ಲಂಡನ್ನಿನ ಚೆಲ್ಸಿಯಲ್ಲಿ ಮರಳಿನ ಸೋಸುಹಾಸು ಕಟ್ಟಿ ಥೇಮ್ಸ್ ನದಿಯ ನೀರನ್ನು ಸೋಸಿದ್ದರು. ಅದು ಜೀವವನ್ನೇ ಉಳಿಸುತ್ತದೆ ಎಂದು ಜಗತ್ತಿಗೆ ಗೊತ್ತಾಗಿದ್ದು 1892ರಲ್ಲಿ, ಜರ್ಮನಿಯ ಹ್ಯಾಂಬರ್ಗಿನಲ್ಲಿ ಕಾಲರಾ ಬಂದಾಗ. ಎಲ್ಬೆ ನದಿಯ ನೀರನ್ನು ಸೋಸದೆ ಕುಡಿಯುತ್ತಿದ್ದ ಆ ನಗರದಲ್ಲಿ ಸುಮಾರು 8,600 ಜನ ಸತ್ತರು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೊನಾ ಪಟ್ಟಣವೂ ಅದೇ ನದಿಯ ನೀರು ಕುಡಿಯುತ್ತಿತ್ತು, ಅದೂ ಹ್ಯಾಂಬರ್ಗಿನ ಕೊಳಚೆಯೆಲ್ಲ ಸೇರಿದ ಮೇಲೆ, ಕೆಳಹರಿವಿನಲ್ಲಿ ಎತ್ತಿದ ನೀರನ್ನು. ಆದರೆ ಆಲ್ಟೊನಾದವರು ಮರಳಿನಲ್ಲಿ ಸೋಸಿ ಕೊಡುತ್ತಿದ್ದರು. ಎರಡೂ ಊರುಗಳ ಗಡಿ ಹಾದುಹೋಗುವ ಬೀದಿಯಲ್ಲಿ ಒಂದು ಪಕ್ಕ ಕಾಲರಾ, ಎದುರು ಪಕ್ಕದಲ್ಲಿ ಇಲ್ಲ. ರಾಬರ್ಟ್ ಕಾಖ್ ಇದನ್ನು ಕಣ್ಣಾರೆ ಕಂಡು ವರದಿ ಮಾಡಿದರು. ಅಲ್ಲಿ ಸೋಸುತ್ತಿದ್ದದ್ದು ಬರಿ ಮರಳಲ್ಲ. ಮರಳಿನ ಮೇಲ್ಮೈಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಲೋಳೆಪದರಕ್ಕೆ ದೊಡ್ಡ ಪಾಲು ಸಲ್ಲಬೇಕು.

ಅದೇ 1892ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಆ್ಯಲೆನ್ ಹೇಜನ್ ಎಂಬ ತರುಣ ಮರಳನ್ನು ಜರಡಿಗಳಲ್ಲಿ ವಿಂಗಡಿಸುತ್ತ ಕೂತಿದ್ದ. ಅವನು ಕಂಡುಕೊಂಡದ್ದು ಎರಡು ಮಾತು. ಮೊದಲನೆಯದು, ನೀರು ಹರಿಯುವ ಸರಾಗ ಕಣದ ಅಳತೆಯ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಕಣ ಅರ್ಧವಾದರೆ ಹರಿವು ಕಾಲು ಭಾಗಕ್ಕೆ ಇಳಿಯುತ್ತದೆ. ಎರಡನೆಯದು, ಇಲ್ಲಿ ಲೆಕ್ಕಕ್ಕೆ ಬರುವುದು ಸರಾಸರಿ ಕಣವಲ್ಲ, ತೂಕದಲ್ಲಿ ಹತ್ತನೇ ಒಂದು ಪಾಲು ಮಾತ್ರ ಯಾವುದಕ್ಕಿಂತ ಸಣ್ಣದಾಗಿರುತ್ತದೋ ಆ ಅಳತೆ. ಹತ್ತು ಪಾಲಿನಲ್ಲಿ ಒಂದು ಪಾಲು ಮೈದಾ ಇದ್ದರೆ ಸಾಕು, ಉಳಿದ ಒಂಬತ್ತು ಪಾಲು ರವೆಯ ಮಾತು ನಡೆಯುವುದಿಲ್ಲ.

ಈ ಲೆಕ್ಕವನ್ನು ಈಗ ಎರಡು ಅಡಿಯ ತೊಟ್ಟಿಗೆ ತರೋಣ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ತಳದಲ್ಲಿ 4 ಸೆಂ.ಮೀ. ದಪ್ಪಕ್ಕೆ ಮರಳು ಹರಡಿದರೆ ಏಳು ಲೀಟರಿನಷ್ಟು, ತೂಕದಲ್ಲಿ ಹತ್ತು-ಹನ್ನೊಂದು ಕಿಲೊ. ಕಣಗಳು ಅರ್ಧ ಮಿ.ಮೀ. ಇದ್ದು ಗುಂಡಗಿವೆ ಎಂದು ಹಿಡಿದರೆ ಅಷ್ಟೂ ಕಣಗಳ ಒಟ್ಟು ಮೈ ಸುಮಾರು 550 ಚದರ ಅಡಿ. ಅದೇ ಜಾಗದಲ್ಲಿ 5 ಮಿ.ಮೀ. ಕಲ್ಲು ಹಾಕಿದರೆ ಬರೀ 55 ಚದರ ಅಡಿ. ಕಣ ಹತ್ತು ಪಟ್ಟು ಸಣ್ಣದಾದರೆ ಮೈ ಹತ್ತು ಪಟ್ಟು ಹೆಚ್ಚಿತು. ಹರಿವು ಎಷ್ಟಾಯಿತು? ಹೇಜನ್ ಲೆಕ್ಕದಲ್ಲಿ ನೂರನೇ ಒಂದು ಪಾಲಿಗೆ ಇಳಿಯಿತು. ‘ಮರಳಿನಲ್ಲಿ ಬ್ಯಾಕ್ಟೀರಿಯಾ ಕೂರಲು ಅಪಾರ ಜಾಗ’ ಎನ್ನುವ ಜಾಹೀರಾತು ಮೊದಲರ್ಧವನ್ನು ಮಾತ್ರ ಹೇಳುತ್ತದೆ. ಆಲ್ಟೊನಾದಲ್ಲಿ ನೀರು ತನ್ನ ಭಾರಕ್ಕೇ ಮರಳಿನೊಳಗೆ ಇಳಿಯುತ್ತಿತ್ತು. ಅಕ್ವೇರಿಯಂನಲ್ಲಿ ನೀರು ಮರಳಿನ ಮೇಲೆ ಸುತ್ತುತ್ತದೆಯೇ ಹೊರತು ಒಳಗೆ ಹೋಗಲು ಅದಕ್ಕೆ ಕಾರಣವೇ ಇಲ್ಲ. ಹಾಗಾಗಿ ಮೀನಿನ ಅಮೋನಿಯಾ ತಿಂದು ಬದುಕುವ, ಆಮ್ಲಜನಕ ಬೇಡುವ ಬ್ಯಾಕ್ಟೀರಿಯಾಗಳಿಗೆ ಈ 550 ಚದರ ಅಡಿಯಲ್ಲಿ ದಕ್ಕುವುದು ಮೇಲಿನ ತೆಳು ಪದರ ಮಾತ್ರ. ತಳದ ಜಲ್ಲಿಯ ಕೆಳಗಿಡುವ ಪ್ಲೇಟಿನ ಫಿಲ್ಟರ್ ಮರಳಿಗೆ ಹೊಂದದಿರುವುದೂ ಇದಕ್ಕೇ. ಮರಳು ಹಾಕುವವರು ಸ್ಪಾಂಜಿನದೋ ಡಬ್ಬಿಯದೋ ಫಿಲ್ಟರ್ ಇಟ್ಟುಕೊಳ್ಳಲೇಬೇಕು.

ಆ ಬ್ಯಾಕ್ಟೀರಿಯಾಗಳ ಕತೆಯಲ್ಲೂ ಒಂದು ತಮಾಷೆಯಿದೆ. ಅಮೋನಿಯಾವನ್ನು ನೈಟ್ರೈಟ್ ಮಾಡುವವು ಒಂದು ಜಾತಿ, ಅದನ್ನು ನೈಟ್ರೇಟ್ ಮಾಡುವವು ಇನ್ನೊಂದು ಎಂದು 1890ರ ಹೊತ್ತಿಗೆ ತೋರಿಸಿದವರು ಸೆರ್ಗೆಯ್ ವಿನೊಗ್ರಾಡ್‌ಸ್ಕಿ. ಒಂದೇ ಜೀವಿ ಎರಡೂ ಕೆಲಸ ಮಾಡಬಲ್ಲದು ಎಂದು ಗೊತ್ತಾಗಲು 2015ರ ತನಕ ಕಾಯಬೇಕಾಯಿತು. ಆ ವರ್ಷ ಎರಡು ತಂಡಗಳು ಒಟ್ಟೊಟ್ಟಿಗೇ ಇದನ್ನು ಪ್ರಕಟಿಸಿದವು. ನೆದರ್ಲೆಂಡ್ಸಿನ ತಂಡಕ್ಕೆ ಆ ಜೀವಿ ಸಿಕ್ಕಿದ್ದು ಮೀನು ಸಾಕುವ ತೊಟ್ಟಿಗೆ ಜೋಡಿಸಿದ್ದ ಫಿಲ್ಟರಿನಲ್ಲಿ.

ಇನ್ನು ವಿಷಾನಿಲ. ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ. ನೀರು ಓಡಾಡದ ಮರಳಿನಲ್ಲಿ ಆಮ್ಲಜನಕ ಮಿಲಿಮೀಟರುಗಳ ಲೆಕ್ಕದಲ್ಲಿ ಮುಗಿಯುತ್ತದೆ. ಕೂದಲಿನಷ್ಟು ಸಪೂರದ ಸೂಜಿಯಂಥ ವಿದ್ಯುದ್ವಾರ ಚುಚ್ಚಿ ಇದನ್ನು ಅಳೆಯುವ ವಿಧಾನ ಡೆನ್ಮಾರ್ಕಿನ ವಿಜ್ಞಾನಿಗಳದು. ಅಲ್ಲಿಂದ ಕೆಳಗೆ ನೈಟ್ರೇಟನ್ನು ಸಾರಜನಕವಾಗಿ ಬಿಡುವ ಬ್ಯಾಕ್ಟೀರಿಯಾಗಳಿಗೆ ಅನುಕೂಲ, ಅದು ನಮಗೂ ಲಾಭ. ಇನ್ನೂ ಕೆಳಗೆ, ಕೊಳೆಯುವ ಪದಾರ್ಥ ಸಾಕಷ್ಟಿದ್ದರೆ, ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡುವವು ನೆಲೆಸುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದು. ಮೀನಿಗೆ ಅದು ಕಡು ವಿಷ. ದೀರ್ಘಕಾಲ ತಾಳಬಲ್ಲ ಮಿತಿ ಎಂದು ಅಮೆರಿಕದ ಪರಿಸರ ಸಂಸ್ಥೆ ಇಟ್ಟಿರುವುದು ಲೀಟರಿಗೆ 2 ಮೈಕ್ರೊಗ್ರಾಂ.

ಆದರೆ ಹುಟ್ಟಿದ್ದೆಲ್ಲ ಮೀನಿನ ತನಕ ಬರಬೇಕಲ್ಲ. ಮೇಲೇರುವ ಸಲ್ಫೈಡು ಆಮ್ಲಜನಕವಿರುವ ಪದರ ಮುಟ್ಟುತ್ತಲೇ ಉತ್ಕರ್ಷಗೊಂಡು ಹೋಗುತ್ತದೆ. ಇನ್ನೊಂದಿಷ್ಟು, ಮರಳಿನಲ್ಲಿರುವ ಕಬ್ಬಿಣದೊಂದಿಗೆ ಕೂಡಿ ಕಪ್ಪು ಐರನ್ ಸಲ್ಫೈಡ್ ಆಗಿ ಅಲ್ಲೇ ಕೂರುತ್ತದೆ. ಗಾಜಿನಾಚೆ ಕಪ್ಪು ಪಟ್ಟಿ ಕಂಡು ಗಾಬರಿಯಾಗುವವರು ನೋಡುತ್ತಿರುವುದು ಹೀಗೆ ಸಿಕ್ಕಿಬಿದ್ದ ವಿಷವನ್ನು. ಹಳೆಯ, ದಪ್ಪ ಮರಳನ್ನು ಒಂದೇ ಸಲಕ್ಕೆ ಬುಡಮೇಲು ಮಾಡಿದರೆ ಮಾತ್ರ ಅಪಾಯ ನಿಜ. ಪದರ ಮೂರರಿಂದ ಐದು ಸೆಂಟಿಮೀಟರ್ ಇದ್ದರೆ ಸಾಕು, ಹತ್ತು ಬೇಡ. ಗಿಡ ನೆಟ್ಟರೆ ಬೇರುಗಳೇ ಅಷ್ಟಿಷ್ಟು ಆಮ್ಲಜನಕವನ್ನು ಒಳಗೆ ಬಿಡುತ್ತವೆ. ನಮ್ಮ ಕೆರೆ-ಕಾಲುವೆಗಳಲ್ಲೇ ಸಿಗುವ ಚೂಪು ಸುರುಳಿಯ ಮೆಲನಾಯ್ಡಿಸ್ ಬಸವನಹುಳುಗಳು ಹಗಲೆಲ್ಲ ಮರಳಿನೊಳಗೇ ಉಳುತ್ತಿರುತ್ತವೆ.

ಇದಿಷ್ಟಾದ ಮೇಲೆ ಹಿತ್ತಲ ಎಂ-ಸ್ಯಾಂಡ್ ಯಾಕೆ ಬೇಡ ಎಂದು ವಿವರಿಸುವುದು ಸುಲಭ. ಕಾಂಕ್ರೀಟಿಗೆ ಬೇಕಾದ ಮರಳಿನಲ್ಲಿ ದಪ್ಪ, ನಡು, ಸಣ್ಣ ಕಣಗಳು ಹದವಾಗಿ ಬೆರೆತು ಸಂದುಗಳು ಮುಚ್ಚಿಕೊಳ್ಳಬೇಕು. ಸಿಮೆಂಟು ಉಳಿಯುವುದೇ ಹಾಗೆ. ಅಕ್ವೇರಿಯಂಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ, ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರದ ಕಣ. ಎಂ-ಸ್ಯಾಂಡ್ ಒಳ್ಳೆಯ ಕಟ್ಟಡದ ಮರಳಾದಷ್ಟೂ ಕೆಟ್ಟ ತೊಟ್ಟಿಯ ಮರಳು. ಸಾಲದ್ದಕ್ಕೆ ಅದು ಕ್ರಷರಿನಿಂದ ಬಂದ ಕಲ್ಲುಪುಡಿ, ಅಂಚುಗಳೆಲ್ಲ ಹರಿತ. ಕಟ್ಟಡದ ಮೂಲೆಯಲ್ಲಿ ಬಿದ್ದಿದ್ದರೆ ಸಿಮೆಂಟೂ ಬೆರೆತಿರುತ್ತದೆ, ನೀರಿನ ಪಿಎಚ್ ಏರಿಸಲು ಅಷ್ಟು ಸಾಕು. ಪಟ್ಟು ಬಿಡದವರು ಎರಡು ಜರಡಿ ಹಿಡಿಯಬಹುದು: ಒಂದು ಮಿ.ಮೀ. ಜರಡಿಯಲ್ಲಿ ಇಳಿದು ಅರ್ಧ ಮಿ.ಮೀ. ಜರಡಿಯ ಮೇಲೆ ಉಳಿದದ್ದಷ್ಟೇ ನಮಗೆ. ಬುಟ್ಟಿಗಟ್ಟಲೆ ಜರಡಿ ಹಿಡಿದು ಬೊಗಸೆಗಟ್ಟಲೆ ಪಡೆಯುವ ಕೆಲಸವದು.

ಸಮುದ್ರದ ಮರಳೂ ಬೇಡ. ಉಪ್ಪು ತೊಳೆದರೆ ಹೋಗುತ್ತದೆ, ಚಿಪ್ಪಿನ ಚೂರು ಹೋಗುವುದಿಲ್ಲ. ಕರಾವಳಿಯಲ್ಲಿ ಚಿಪ್ಪು ಸುಟ್ಟೇ ಸುಣ್ಣ ಮಾಡುತ್ತಿದ್ದರು ಎಂಬುದು ನೆನಪಿರಲಿ. ಅದು ನೀರಿನಲ್ಲಿ ನಿಧಾನಕ್ಕೆ ಕರಗಿ ಗಡಸುತನ ಏರಿಸುತ್ತಲೇ ಇರುತ್ತದೆ. ಕಲಬುರಗಿ ಕಡೆಯ ಶಹಾಬಾದ್ ಕಲ್ಲಿನ ಪುಡಿಯದೂ ಇದೇ ಪಾಡು. ಒಂದು ಚಮಚ ಒಣ ಮರಳಿಗೆ ವಿನೆಗರ್ ಹಾಕಿ ನೋಡಿ, ಗುಳ್ಳೆ ಎದ್ದರೆ ಸುಣ್ಣದಂಶ ಇದೆ ಎಂದರ್ಥ. ಆಫ್ರಿಕಾದ ಮಲಾವಿ ಸರೋವರದ ಮೀನು ಸಾಕುವವರಿಗೆ ಮಾತ್ರ ಇದೇ ವರ, ಅವಕ್ಕೆ ಗಡಸು ನೀರೇ ಇಷ್ಟ.

ಸಿಲಿಕಾ ಮರಳು ಹಾಕಿದರೆ ಗಾಜಿನ ಮೇಲೆ ಕಂದು ಪಾಚಿ ಬರುತ್ತದೆ ಎಂಬ ಮಾತು ಅಕ್ವೇರಿಯಂ ವಲಯದಲ್ಲಿ ಬಲವಾಗಿದೆ. ಆ ಕಂದು ಪದರ ಡಯಾಟಮ್‌ಗಳದು, ಅವಕ್ಕೆ ಸಿಲಿಕಾ ಬೇಕು, ಅಷ್ಟು ನಿಜ. ಆದರೆ ಕ್ವಾರ್ಟ್ಜ್ ಮಾಮೂಲಿ ನೀರಿನಲ್ಲಿ ಕರಗುವ ವೇಗ ನಮ್ಮ ಆಯುಷ್ಯದ ಅಳತೆಗೆ ಸಿಗುವಂಥದ್ದಲ್ಲ. ನಮ್ಮ ಬಯಲುಸೀಮೆಯ ಗ್ರಾನೈಟು, ನೈಸ್ ಶಿಲೆಗಳ ಸಂದಿನಿಂದ ಬರುವ ಬೋರ್‌ವೆಲ್ ನೀರಿನಲ್ಲೇ ಲೀಟರಿಗೆ ಹತ್ತಾರು ಮಿಲಿಗ್ರಾಂ ಸಿಲಿಕಾ ಕರಗಿರುತ್ತದೆ. ಆ ಕಲ್ಲಿನ ಫೆಲ್ಡ್‌ಸ್ಪಾರ್ ಶಿಥಿಲವಾಗುವಾಗ ಬಿಟ್ಟುಕೊಟ್ಟದ್ದು ಅದು. ಪಾಪದ ಮರಳನ್ನು ಬೈದು ಫಲವಿಲ್ಲ.

ಮರಳೇ ಬೇಕೆನ್ನುವ ಮೀನುಗಳೂ ಇವೆ. ಕಾವೇರಿ ಸೀಮೆಯ ತೊರೆಗಳಲ್ಲಿ ಸಿಗುವ ಲೆಪಿಡೊಸೆಫಾಲಿಕ್‌ಥಿಸ್ ಥರ್ಮಾಲಿಸ್ ಎಂಬ ಬೆರಳುದ್ದದ ಲೋಚ್ ಮೀನು ಬಾಯ್ತುಂಬ ಮರಳು ತೆಗೆದುಕೊಂಡು, ತಿನ್ನುವುದನ್ನು ಉಳಿಸಿಕೊಂಡು, ಮಿಕ್ಕದ್ದನ್ನು ಕಿವಿರಿನಿಂದ ಹೊರಗೆ ಸುರಿಯುತ್ತದೆ. ಬೆದರಿದರೆ ಮರಳಿನೊಳಗೆ ಹೂತುಕೊಂಡು ಕಣ್ಣಷ್ಟೇ ಹೊರಗಿಡುತ್ತದೆ. ದಕ್ಷಿಣ ಅಮೆರಿಕದ ಕೋರಿಡೋರಾಸ್, ಜಿಯೊಫಾಗಸ್ ಮೀನುಗಳೂ ಹೀಗೆ ಮರಳು ಕೆದಕುವವೇ. 5 ಮಿ.ಮೀ. ಕಲ್ಲಿನ ಮೇಲೆ ಈ ಕಸುಬು ನಡೆಯುವುದಿಲ್ಲ. ಗೋಲ್ಡ್‌ಫಿಶ್ ಬಾಯಿಗೆ ಅಂಥ ಕಲ್ಲು ಸಿಕ್ಕಿಕೊಳ್ಳುವುದೂ ಉಂಟು.

ಹೊಳೆಯ ಮರಳು ಉರುಳಿ ಉರುಳಿ ನುಣುಪಾಗಿರುತ್ತದೆ ಎಂದು ನಂಬಿದವರಿಗೆ ಒಂದು ಮಾತು. ಡಚ್ ಭೂವಿಜ್ಞಾನಿ ಫಿಲಿಪ್ ಕ್ಯೂನೆನ್ 1950ರ ದಶಕದ ಕೊನೆಗೆ ಪ್ರಯೋಗಾಲಯದಲ್ಲಿ ಮರಳನ್ನು ನೀರಿನಲ್ಲೂ ಗಾಳಿಯಲ್ಲೂ ಓಡಿಸಿ ನೋಡಿದರು. ನದಿಯಲ್ಲಿ ನೂರಾರು ಕಿಲೋಮೀಟರ್ ಸಾಗಿದರೂ ಮರಳಿನ ಕಣ ಸವೆಯುವುದು ಅತ್ಯಲ್ಪ, ಗಾಳಿ ಅದಕ್ಕಿಂತ ನೂರಾರು ಪಟ್ಟು ಚೆನ್ನಾಗಿ ಉಜ್ಜುತ್ತದೆ. ಅಷ್ಟು ಹಗುರದ ಕಣಕ್ಕೆ ನೀರೇ ಮೆತ್ತೆಯಾಗಿ ಪೆಟ್ಟು ತಪ್ಪಿಸುತ್ತದೆ. ಹೊಳೆಯಿಂದ ಚೀಲ ತುಂಬಿ ತರುವುದಕ್ಕೆ ಕಾನೂನಿನ ತೊಡಕಿದೆ, ವಿಜ್ಞಾನದ ಒತ್ತಾಯವಂತೂ ಇಲ್ಲ.

ನೀರಿನ ಫಿಲ್ಟರ್, ಸಾಫ್ಟ್‌ನರ್ ಮಾರುವ ಅಂಗಡಿಯಲ್ಲಿ ಜರಡಿಯಾಡಿಸಿದ ಸಿಲಿಕಾ ಮರಳು ಚೀಲಗಳಲ್ಲಿ ಸಿಗುತ್ತದೆ. ಅರ್ಧದಿಂದ ಒಂದು ಮಿ.ಮೀ. ಗಾತ್ರದ್ದು ಕೇಳಿ ತನ್ನಿ. ಹೇಜನ್ ಬಯಸಿದ ಒಂದೇ ಅಳತೆಯ ಕಣ ಅದರಲ್ಲಿರುತ್ತದೆ. ಬಕೆಟ್ಟಿಗೆ ಸ್ವಲ್ಪ ಸ್ವಲ್ಪವೇ ಹಾಕಿ, ಪೈಪಿನ ನೀರು ಬಿಟ್ಟು ಕೈಯಾಡಿಸಿ, ಬಗ್ಗಿಸಿದ ನೀರು ತಿಳಿಯಾಗುವ ತನಕ ತೊಳೆಯಿರಿ. ತೊಟ್ಟಿಗೆ ನೀರು ತುಂಬುವಾಗ ಮರಳಿನ ಮೇಲೊಂದು ತಟ್ಟೆ ಇಟ್ಟು ಅದರ ಮೇಲೆ ಸುರಿಯಿರಿ. ಗಿಡ ನೆಡುವುದಿದ್ದರೆ ಬುಡದಲ್ಲಿ ಗೊಬ್ಬರದ ಗುಳಿಗೆ ಹೂಳಬೇಕು, ಕ್ವಾರ್ಟ್ಜಿನಲ್ಲಿ ಗಿಡಕ್ಕೆ ಉಣ್ಣಲು ಏನೂ ಇಲ್ಲ. ಮೀನಿನ ಹೊಲಸು ಮರಳಿನ ಮೇಲೇ ಕಾಣುವಂತೆ ಕೂರುತ್ತದೆ, ಕಲ್ಲಿನ ಸಂದಿಗೆ ಇಳಿದು ಮರೆಯಾಗುವುದಿಲ್ಲ. ಸೈಫನ್ ಕೊಳವೆಯನ್ನು ಒಂದು ಬೆರಳು ಮೇಲೆ ಹಿಡಿದು ಸುತ್ತಿಸಿದರೆ ಹೊಲಸಷ್ಟೇ ಎದ್ದು ಬರುತ್ತದೆ. ಆ ಹೊತ್ತಿನಲ್ಲಿ ಫಿಲ್ಟರಿನ ಮೋಟಾರ್ ಆರಿಸಿಟ್ಟಿರಿ. ಕ್ವಾರ್ಟ್ಜ್ ಉಕ್ಕಿಗಿಂತ ಗಟ್ಟಿ, ನಾಲ್ಕು ಕಣ ಒಳಗೆ ಹೋದರೂ ಪಂಪಿನ ರೆಕ್ಕೆ, ಕಡ್ಡಿ ಎರಡನ್ನೂ ಸವೆಸಿಬಿಡುತ್ತದೆ.