ಆಸ್ತಿ ಪಟ್ಟಿಯಲ್ಲಿ ಅಕ್ಷಾಂಶ–ರೇಖಾಂಶ: ಕಾಲಂ ಯಾವ ಬಗೆಯದಿರಬೇಕು?

ಗ್ರಾಮ ಪಂಚಾಯತಿಯ ಕೊಳವೆಬಾವಿ, ನೀರಿನ ತೊಟ್ಟಿ, ಚೆಕ್ ಡ್ಯಾಂ ಮೊದಲಾದ ಆಸ್ತಿಗಳಿಗೆ ಚಕ್ಕುಬಂದಿಯ ಜೊತೆಗೆ ಈಗ ಅಕ್ಷಾಂಶ, ರೇಖಾಂಶಗಳನ್ನೂ ದಾಖಲಿಸಲಾಗುತ್ತಿದೆ. ಉದ್ಯೋಗ ಖಾತರಿ ಕಾಮಗಾರಿಗಳ ಜಿಯೋ ಟ್ಯಾಗಿಂಗ್‌ನಂತಹ ಸರ್ಕಾರಿ ತಂತ್ರಾಂಶಗಳಲ್ಲಿ ಕಾಲಂಗಳು ಮೊದಲೇ ನಿಗದಿಯಾಗಿರುತ್ತವೆ. ಆದರೆ ಪಂಚಾಯತಿಯು ತನ್ನ ಬಳಕೆಗಾಗಿ ಕಂಪ್ಯೂಟರ್ ಪಟ್ಟಿ ಸಿದ್ಧಪಡಿಸುವಾಗ ಈ ಆಯ್ಕೆ ಪಂಚಾಯತಿಗೇ ಸೇರಿದ್ದು. ಇಲ್ಲಿ ತಪ್ಪಿದರೆ ದುರಸ್ತಿಗೆ ಹೋದ ಸಿಬ್ಬಂದಿಗೆ ಬಾವಿ ಸಿಗುವುದಿಲ್ಲ. ಒಂದೇ ಆಸ್ತಿ ಎರಡು ಬಾರಿ ಪಟ್ಟಿ ಸೇರಿದರೂ ತಿಳಿಯುವುದಿಲ್ಲ.

1. ಅಕ್ಷರದ ಕಾಲಂ ಬೇಡ. ಅದರಲ್ಲಿ ಏನು ಬರೆದರೂ ಕಂಪ್ಯೂಟರ್ ಒಪ್ಪಿಕೊಳ್ಳುತ್ತದೆ. ಒಂದು ಡಿಗ್ರಿಗೆ 60 ಮಿನಿಟುಗಳು. ಆದ್ದರಿಂದ 12 ಡಿಗ್ರಿ 50 ಮಿನಿಟು ಎಂದರೆ 12.833333. ಅದನ್ನು 12.50 ಎಂದು ಬರೆದರೆ ಸ್ಥಳವು ಸುಮಾರು 37 ಕಿ.ಮೀ. ದಕ್ಷಿಣಕ್ಕೆ ಸರಿಯುತ್ತದೆ. ಕಾಮಸಮುದ್ರದ ಕೊಳವೆಬಾವಿಯು ನಕ್ಷೆಯಲ್ಲಿ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ ಕಾಣುತ್ತದೆ.

2. ದಶಮಾಂಶ ಬಿಂದುವಿನ ನಂತರ 6 ಅಂಕಿಗಳಿರಲಿ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ. ದೂರಕ್ಕೆ ಸಮ. ಬಿಂದುವಿನ ನಂತರದ 2ನೇ ಅಂಕಿಯ ಒಂದು ಏಕಮಾನವು ಸುಮಾರು 1.1 ಕಿ.ಮೀ., 4ನೆಯದು 11 ಮೀಟರ್, 5ನೆಯದು 1.1 ಮೀಟರ್, 6ನೆಯದು 11 ಸೆಂ.ಮೀ. ಎರಡೇ ಅಂಕಿ ಉಳಿಸಿಕೊಂಡರೆ ಊರು ಸಿಗಬಹುದು, ಬಾವಿ ಸಿಗದು.

3. ಡೆಸಿಮಲ್ (9,6) ಬಗೆಯನ್ನು ಕೇಳಿ ಪಡೆಯಿರಿ. ಒಟ್ಟು 9 ಅಂಕಿ, ಅವುಗಳಲ್ಲಿ 6 ಬಿಂದುವಿನ ನಂತರ ಎಂಬುದು ಇದರ ಅರ್ಥ. ಬರೆದ ಅಂಕಿ ಬರೆದಂತೆಯೇ ಉಳಿಯುತ್ತದೆ. ಫ್ಲೋಟ್ ಎಂಬ ಬಗೆಯು ಅಂಕಿಯನ್ನು ಹತ್ತಿರದ ಮೌಲ್ಯಕ್ಕೆ ಸರಿಹೊಂದಿಸುತ್ತದೆ. 78 ಡಿಗ್ರಿಯ ರೇಖಾಂಶದಲ್ಲಿ ಅದು ಉಳಿಸಿಕೊಳ್ಳಬಲ್ಲ ಎರಡು ಮೌಲ್ಯಗಳ ನಡುವಿನ ಅಂತರ ಸುಮಾರು 80 ಸೆಂ.ಮೀ.

4. ಎರಡು ಕಾಲಂ, ಎರಡಕ್ಕೂ ಮಿತಿ. ಅಕ್ಷಾಂಶ, ರೇಖಾಂಶಗಳು ಪ್ರತ್ಯೇಕ ಕಾಲಂಗಳಲ್ಲಿರಲಿ. ಅವು ಅದಲುಬದಲಾದರೆ ನಮ್ಮ ಬಾವಿ ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಬಳಿ ಹಿಮಸಾಗರಕ್ಕೆ ಹೋಗುತ್ತದೆ. ಕಾಮಸಮುದ್ರದ ಪಟ್ಟಿಯಲ್ಲಿ ಅಕ್ಷಾಂಶ 12ರಿಂದ 13, ರೇಖಾಂಶ 78ರಿಂದ 79ರ ಒಳಗಿರಬೇಕೆಂದು ಮಿತಿ ವಿಧಿಸಿದರೆ ಈ ತಪ್ಪು ನಮೂದಿಸುವಾಗಲೇ ಸಿಕ್ಕಿಬೀಳುತ್ತದೆ.

ಒಂದು ಎಚ್ಚರಿಕೆ: ಆರು ಅಂಕಿಗಳಿವೆ ಎಂದ ಮಾತ್ರಕ್ಕೆ ಅಳತೆ ಅಷ್ಟು ನಿಖರವೆಂದಲ್ಲ. ತೆರೆದ ಬಯಲಿನಲ್ಲಿಯೂ ಮೊಬೈಲ್ ಜಿಪಿಎಸ್ ಸುಮಾರು 5 ಮೀಟರ್‌ನಷ್ಟು ವ್ಯತ್ಯಾಸ ತೋರಬಹುದು. ಬಾವಿ ಹುಡುಕಲು ಅದು ಸಾಕು. ನಿವೇಶನದ ಗಡಿ ತಕರಾರಿಗೆ ಸಾಲದು. ಅಲ್ಲಿ ಭೂಮಾಪಕರ ಅಳತೆಯೇ ಆಧಾರ.

ಆಸ್ತಿ ಪಟ್ಟಿಯು ಸಭೆಯ ಮುಂದೆ ಬಂದಾಗ ಸದಸ್ಯರು ತಮ್ಮ ವಾರ್ಡಿನ ಎರಡು ಮೂರು ಆಸ್ತಿಗಳ ಅಂಕಿಗಳನ್ನು ಮೊಬೈಲ್ ನಕ್ಷೆಯಲ್ಲಿ ಹಾಕಿ ನೋಡುವುದು ಒಳಿತು. ಬಾವಿ ಎಲ್ಲಿದೆಯೆಂದು ಕಂಪ್ಯೂಟರಿಗಿಂತ ಚೆನ್ನಾಗಿ ಬಲ್ಲವರು ಅವರೇ.