ಎಳೆಯರ ಆಟ, ಹಿರಿಯರ ಹೊಣೆ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಮಕ್ಕಳಿಗೆ ಆಟ ಕಲಿಸುವವರು ಮೇಲಿಂದ ಮೇಲೆ ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಬಗ್ಗಿಸುವ ಭರದಲ್ಲಿ ಗಿಡವೇ ಮುರಿದೀತೆಂಬ ಎಚ್ಚರವೂ ನಮಗಿರಬೇಕು.

ಕಳೆದ ಬೇಸಗೆಯ ಒಂದು ಸಂಜೆ, ಹೊರಕೆರೆದೇವಪುರದಲ್ಲಿ ಲಕ್ಷ್ಮೀನರಸಿಂಹಸ್ವಾಮಿಯ ಗುಡಿಯಿಂದ ಮರಳುವಾಗ, ಬಯಲಿನಲ್ಲಿ ಮಕ್ಕಳು ಖೋ ಖೋ ಆಡುವುದನ್ನು ಕಂಡು ನಿಂತೆ. ಎಂಟು ಮಂದಿ ಸಾಲಾಗಿ, ಒಬ್ಬರು ಒಂದು ಕಡೆಗೆ, ಮತ್ತೊಬ್ಬರು ಎದುರು ಕಡೆಗೆ ಮುಖ ಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವರು ಎದುರಾಳಿಯನ್ನು ಅಟ್ಟಬೇಕು. ಅಟ್ಟುವವರು ಹಿಡಿದ ದಿಕ್ಕಿನಿಂದ ಹಿಂದಿರುಗುವಂತಿಲ್ಲ, ನಡುಗೆರೆಯನ್ನು ದಾಟುವಂತಿಲ್ಲ. ಆದ್ದರಿಂದ ಬರಿಯ ವೇಗ ಸಾಲದು. ಯಾವ ಗಳಿಗೆಯಲ್ಲಿ ಕುಳಿತವರ ಬೆನ್ನು ಮುಟ್ಟಿ 'ಖೋ' ಎನ್ನಬೇಕೆಂಬ ವಿವೇಕ ಬೇಕು. ಈ ವಿವೇಕವನ್ನು ಗದರಿ ಕಲಿಸಲಾಗದು. ಅಲ್ಲಿದ್ದ ತರುಣ ಶಿಕ್ಷಕರು ತಪ್ಪಿದ ಹುಡುಗಿಯನ್ನು ಕರೆದು, "ಆಗ ನಿನಗೆ ಏನು ಕಾಣಿಸ್ತಮ್ಮ?" ಎಂದಷ್ಟೇ ಕೇಳಿದರು. ಅವಳು ಕ್ಷಣ ಯೋಚಿಸಿ, "ಅವಳು ಆ ಕಡೆ ವಾಲಿದ್ದು ನೋಡ್ಲಿಲ್ಲ ಸಾರ್" ಎಂದಳು. ತಿದ್ದುಪಾಟು ಅಲ್ಲಿಗೆ ಮುಗಿಯಿತು. ತಪ್ಪನ್ನು ತಾನೇ ಕಂಡುಕೊಂಡ ಮಗು ಅದನ್ನು ಮರೆಯುವುದಿಲ್ಲ.

ನಾನು ಆ ಶಿಕ್ಷಕರಂತಿರಲಿಲ್ಲ. ನಾಲ್ವತ್ತು ವರ್ಷಗಳ ಹಿಂದೆ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುತ್ತ, ಆಟದ ತಂಡವನ್ನೂ ನೋಡಿಕೊಳ್ಳುತ್ತಿದ್ದೆ. ಚೆನ್ನಾಗಿ ಓಡುತ್ತಿದ್ದ ಹುಡುಗನೊಬ್ಬ ಮಂಡಿನೋವೆಂದಾಗ, "ಪಂದ್ಯ ಮುಗಿಯಲಿ" ಎಂದೆ. ತಾಲ್ಲೂಕು ಮಟ್ಟದ ಬಹುಮಾನ ಬಂತು. ಹುಡುಗ ಮತ್ತೆ ಅಂಗಳಕ್ಕೆ ಬರಲಿಲ್ಲ. ಬೆಳೆಯುವ ಮಕ್ಕಳ ಎಲುಬಿನ ತುದಿಗಳು ಇನ್ನೂ ಗಟ್ಟಿಗೊಂಡಿರುವುದಿಲ್ಲ. ಓಟ ಜಿಗಿತಗಳು ಅತಿಯಾದರೆ, ಮಂಡಿಚಿಪ್ಪಿನ ಕೆಳಗೆ ಸ್ನಾಯುರಜ್ಜು ಎಲುಬಿಗೆ ಸೇರುವೆಡೆಯಲ್ಲಿ ಊತವೂ ನೋವೂ ಹುಟ್ಟುತ್ತವೆ. ಅದಕ್ಕೆ ಮೊದಲ ಮದ್ದು ವಿಶ್ರಾಂತಿ. ಇದನ್ನು ನಾನು ತಡವಾಗಿ ತಿಳಿದೆ.

ಇನ್ನೊಂದು ಭ್ರಮೆಯೂ ಉಂಟು. ಹದಿಮೂರರ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಆಗಲೇ ಮೀಸೆ ಚಿಗುರಿರುತ್ತದೆ. ಮತ್ತೊಬ್ಬ ಇನ್ನೂ ಮಗುವಿನಂತಿರುತ್ತಾನೆ. ಮೊದಲು ಬೆಳೆದವನ ಬಲವನ್ನೇ ಪ್ರತಿಭೆಯೆಂದು ಬಗೆದು ಎರಡನೆಯವನನ್ನು ಮನೆಗೆ ಕಳುಹಿಸುತ್ತೇವೆ.

1962ರಲ್ಲಿ ರಾಜ್ಯದ ಕಿರಿಯರ ಬ್ಯಾಡ್ಮಿಂಟನ್ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಏಳು ವರ್ಷದ ಬಾಲಕನೊಬ್ಬ ಸೋತ. ಬೆಂಗಳೂರಿನಲ್ಲಿ ಅವನು ಆಡುತ್ತಿದ್ದುದು ಮನೆಯ ಬಳಿಯ ಮದುವೆಯ ಸಭಾಂಗಣದಲ್ಲಿ. ಸಮಾರಂಭವಿದ್ದ ದಿನ ಆಟವಿಲ್ಲ. ಆಟದ ಮೊದಲ ಪಾಠ ಹೇಳಿದವರು ತಂದೆ ರಮೇಶ ಪಡುಕೋಣೆಯವರು. ಅದೇ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದರು. ಆ ಸೋಲಿಗೂ ಈ ಗೆಲುವಿಗೂ ನಡುವೆ 18 ವರ್ಷಗಳ ಅಂತರವಿದೆ.

ಆಟದ ಗುರುವಿಗೆ ಬೇಕಾದದ್ದು ಈ ತಾಳ್ಮೆ. ಅಂದು ಗೆದ್ದ ಬಟ್ಟಲು ಎಲ್ಲಿದೆಯೋ ನಾನರಿಯೆ. ಆ ಹುಡುಗನ ಮುಖ ಮಾತ್ರ ಇಂದಿಗೂ ಕಣ್ಣ ಮುಂದಿದೆ.